ಕೆಂಪು ಕೂದಲಿನವಳ ಕಾಲ್ಗುಣ

ಜನವರಿ ಒಂದರ ಬೆಳಿಗ್ಗೆ ನಮ್ಮ ಲಿಂಟ್‌ಬರ್ನ್ ಊರಿನಲ್ಲಿ ಎದ್ದಿರುತ್ತಿದ್ದವರು ಇಬ್ಬರೇ. ಒಬ್ಬಳು ಇಶ್ಬೆಲ್ ಟರ್ನ್‌ಬುಲ್. ಇನ್ನೊಬ್ಬಳು ಅವಳ ಕಾಟ ತಾಳಲಾರದೆ ಎದ್ದ ನಾನು. ಉಳಿದವರೆಲ್ಲ ಹಿಂದಿನ ರಾತ್ರಿ ಹಳೇ ವರ್ಷವನ್ನು ಸಾಗಹಾಕಿ, ಮನೆಮನೆ ಸುತ್ತಿ ಹೊಸದನ್ನು ಬರಮಾಡಿಕೊಂಡು, ಮಧ್ಯಾಹ್ನ ಕಳೆಯುವವರೆಗೆ ಗೊರಕೆ ಹೊಡೆಯುತ್ತಿದ್ದರು. ನನ್ನ ಗಂಡ ಡಂಕನ್ ಆ ದಿನ ಬೆಳಕಿರುವಾಗ ಎದ್ದದ್ದನ್ನು ನಾನಂತೂ ಕಂಡಿಲ್ಲ. ನಾವಿಬ್ಬರು ಮಾತ್ರ ಬೂಟು ಬಿಗಿದುಕೊಂಡು ಗ್ರೇರಿಗ್ ಗುಡ್ಡ ಹತ್ತಲು ಹೊರಡುತ್ತಿದ್ದೆವು. ಯಾಕೆ ಈ ಚಳಿಯಲ್ಲಿ ಎಂದು ಕೇಳಿದವರಿಗೆ ಇಶ್ಬೆಲ್, ಗುಡ್ಡದ ಗಾಳಿ ಮೈಗೆ ಒಳ್ಳೆಯದು ಎನ್ನುತ್ತಿದ್ದಳು. ಅದು ಶುದ್ಧ ಸುಳ್ಳು. ಆ ದಿನ ಯಾರ ಮನೆಯ ಹೊಸಿಲನ್ನೂ ತುಳಿಯಬಾರದು ಎಂದು ಅವಳು ಗುಡ್ಡಕ್ಕೆ ಓಡುತ್ತಿದ್ದಳು. ಗುಡ್ಡಕ್ಕೆ ಹೊಸಿಲಿಲ್ಲವಲ್ಲ.

ಸ್ಕಾಟ್ಲೆಂಡಿನ ನಮ್ಮ ಈ ತೆಂಕಣ ಕಣಿವೆಗಳಲ್ಲಿ ಹೊಸ ವರ್ಷ ಹುಟ್ಟಿದ ಮೇಲೆ ಮನೆಯೊಳಗೆ ಮೊದಲು ಕಾಲಿಡುವವರ ಕಾಲ್ಗುಣ ವರ್ಷವಿಡೀ ಆ ಮನೆಯನ್ನು ಕಾಯುತ್ತದೆ, ಇಲ್ಲವೇ ಕಾಡುತ್ತದೆ. ಕಪ್ಪು ಕೂದಲಿನ ಎತ್ತರದ ಗಂಡಸು ಒಂದು ತುಂಡು ಕಲ್ಲಿದ್ದಲು ಹಿಡಿದು ಬಂದರೆ ಒಲೆಗೂ ಹೊಟ್ಟೆಗೂ ಕೊರತೆಯಿಲ್ಲ. ಹೆಂಗಸು ಬಂದರೆ ಅಷ್ಟಕ್ಕಷ್ಟೆ. ಕೆಂಪು ಕೂದಲಿನ ಹೆಂಗಸು ಬಂದರೆ ಮುಗಿಯಿತು ಕಥೆ. ಕಲ್ಲಿದ್ದಲು ಮಾರುವ ಹ್ಯೂಯಿಯನ್ನು ವರ್ಷವೆಲ್ಲ ಯಾರೂ ಮೂಸಿ ನೋಡದಿದ್ದರೂ ಆ ಒಂದು ರಾತ್ರಿ ಊರಿಗೆಲ್ಲ ಅವನೇ ಅಳಿಯ. ಆರಡಿ ಆಳು, ಕೂದಲು ಕಡುಗಪ್ಪು, ಕಲ್ಲಿದ್ದಲಂತೂ ಅವನ ಮನೆಯದೇ. ಪ್ರತಿ ಮನೆಯಲ್ಲೂ ಒಂದೊಂದು ಗುಟುಕು ವಿಸ್ಕಿ ಇಳಿಸಿ, ಕೊನೆಯ ಮನೆ ತಲುಪುವ ಹೊತ್ತಿಗೆ ಅವನ ಕಾಲು ಅವನ ಮಾತು ಕೇಳುತ್ತಿರಲಿಲ್ಲ. ಇಶ್ಬೆಲಳ ಕೂದಲು ಕ್ಯಾರೆಟ್ಟಿನ ಬಣ್ಣ. ಚಿಕ್ಕಂದಿನಲ್ಲಿ ತನ್ನದೇ ಮನೆಯ ಹೊರಗೆ ಹಿಮದಲ್ಲಿ ನಿಂತು, ಹ್ಯೂಯಿಯ ಅಪ್ಪ ಬಂದು ಒಳಗೆ ಕಾಲಿಡುವುದನ್ನು ಕಾಯುತ್ತಿದ್ದದ್ದನ್ನು ಅವಳು ನಗುನಗುತ್ತಲೇ ಹೇಳುತ್ತಿದ್ದಳು.

ನಾವಿಬ್ಬರೂ ಉಣ್ಣೆ ಗಿರಣಿಯಲ್ಲಿ ಅಕ್ಕಪಕ್ಕದ ಕುರ್ಚಿಯವರು. ಹೆಣಿಗೆ ಯಂತ್ರದಿಂದ ಬಂದ ಸ್ವೆಟರನ್ನು ದೀಪಕ್ಕೆ ಒಡ್ಡಿ, ಯಂತ್ರ ಬಿಟ್ಟುಬಿಟ್ಟ ಕುಣಿಕೆಯನ್ನು ಹುಡುಕಿ, ಸೂಜಿಯಲ್ಲಿ ಹಿಡಿದು ಮತ್ತೆ ಸಾಲಿಗೆ ಸೇರಿಸುವ ಕೆಲಸ. ಕೆಲಸದಲ್ಲಿ ನಾನೇನೂ ಅವಳಿಗಿಂತ ಕಡಿಮೆಯಲ್ಲ, ಬಾಯಲ್ಲಿ ಮಾತ್ರ ಅವಳಿಗೆ ಸರಿಗಟ್ಟುವವರಿರಲಿಲ್ಲ. ಮೇಲ್ವಿಚಾರಕನ ನಡಿಗೆಯನ್ನು ಅವನ ಬೆನ್ನ ಹಿಂದೆಯೇ ಅಣಕಿಸಿ ಇಡೀ ಸಾಲನ್ನು ನಗಿಸುತ್ತಿದ್ದಳು. ಯಾರಿಗೆ ಜ್ವರ ಬಂದರೂ ಅವರ ಮನೆಗೆ ಸಾರು ಮಾಡಿ ಒಯ್ಯುತ್ತಿದ್ದಳು. ಪಾತ್ರೆಯನ್ನು ಮೆಟ್ಟಿಲ ಮೇಲಿಟ್ಟು, ಬಾಗಿಲು ಬಡಿದು, ಹಿಂದೆ ಸರಿದು ನಿಲ್ಲುತ್ತಿದ್ದಳು. ಎರಡು ಸಲ ಅವಳಿಗೆ ಮದುವೆಯ ಮಾತು ಬಂತು, ಎರಡು ಸಲವೂ ಅವಳೇ ಬೇಡವೆಂದಳು. ಒಂದು ಮನೆಗೆ ಸೊಸೆಯಾಗಿ ಕಾಲಿಡುವುದು ಅವಳಿಗೆ ಎಷ್ಟು ಭಯದ ಮಾತು ಎಂದು ಆಗ ನನಗೆ ಹೊಳೆದಿರಲಿಲ್ಲ.

ಅದರ ಹಿಂದೆ ಒಂದು ಸಂಗತಿಯಿತ್ತು. ಆಗ ಅವಳಿಗೆ ಇಪ್ಪತ್ತರ ವಯಸ್ಸು. ಅಕ್ಕ ನ್ಯಾನ್ ಆಗತಾನೇ ಮದುವೆಯಾಗಿ ಸೇತುವೆಯ ಪಕ್ಕದ ಮನೆಯಲ್ಲಿದ್ದಳು. ಹೊಸ ವರ್ಷದ ಗಂಟೆ ಬಾರಿಸಿದ್ದೇ ತಡ, ಊರವರ ಜೊತೆ ಬೀದಿಯಲ್ಲಿ ಕುಣಿಯುತ್ತಿದ್ದ ಇಶ್ಬೆಲ್ ಹಾಗೇ ಓಡಿ, ಅಕ್ಕನನ್ನು ಅಪ್ಪಿಕೊಳ್ಳುವ ಅವಸರದಲ್ಲಿ ಎಲ್ಲವನ್ನೂ ಮರೆತು ಒಳಗೆ ನುಗ್ಗಿದಳು. ಎಲ್ಲರೂ ನಕ್ಕರು. ಭಾವ ಟ್ಯಾಮ್ ಅವಳನ್ನು ಎತ್ತಿ ಒಂದು ಸುತ್ತು ಸುತ್ತಿಸಿದ. ಮಾರ್ಚ್ ತಿಂಗಳಲ್ಲಿ ಕಲ್ಲುಗಣಿಯಲ್ಲಿ ಬಂಡೆ ಜಾರಿ ಟ್ಯಾಮ್ ಸತ್ತ. ಮಣ್ಣು ಮಾಡಿ ಬಂದು ಎಲ್ಲರೂ ಚಹಾ ಕುಡಿಯುತ್ತಿದ್ದಾಗ ಯಾವುದೋ ಮುದುಕಿ, "ಈ ವರ್ಷ ಈ ಮನೆಗೆ ಮೊದಲು ಯಾರು ಕಾಲಿಟ್ರು ಅಂತ ಗೊತ್ತಲ್ಲ" ಎಂದಳು. ನ್ಯಾನ್ ತಲೆಯೆತ್ತಲಿಲ್ಲ. ಹೌದು ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ.

ಅಂದಿನಿಂದ ಇಶ್ಬೆಲ್ ಅಕ್ಕನ ಮನೆಯ ಹೊಸಿಲು ದಾಟಲಿಲ್ಲ. ಜನವರಿಯಲ್ಲಷ್ಟೇ ಅಲ್ಲ, ಯಾವ ತಿಂಗಳಲ್ಲೂ. ಮಾತು ಬಿಟ್ಟವರಲ್ಲ ಅವರು. ರೊಟ್ಟಿ ಅಂಗಡಿಯಲ್ಲಿ ಸಿಕ್ಕರೆ ಹರಟುತ್ತಿದ್ದರು. ಅಕ್ಕನ ಮನೆಗೂ ಅವಳು ಹೋಗುತ್ತಿದ್ದಳು, ಆದರೆ ಗೇಟಿನವರೆಗೆ. ಮಳೆ ಬಂದರೆ ಕೊಡೆ ಬಿಚ್ಚಿಕೊಂಡು ಗೇಟಿನ ಬಳಿಯೇ ನಿಂತು ಮಾತಾಡುತ್ತಿದ್ದಳು. ನ್ಯಾನ್ ಬಾಗಿಲಲ್ಲಿ ನಿಂತು ಉತ್ತರ ಕೊಡುತ್ತಿದ್ದಳು. ಮೂವತ್ತು ವರ್ಷ ಹೀಗೇ ನಡೆಯಿತು. ಊರಿಗೆ ಅದು ಎಷ್ಟು ರೂಢಿಯಾಯಿತೆಂದರೆ ನೋಡಿದವರಿಗೆ ವಿಚಿತ್ರ ಅನ್ನಿಸುವುದೂ ನಿಂತುಹೋಯಿತು.

ನಾನು ಹೇಳುವ ವರ್ಷ ಬೂಟು ಮುಳುಗುವಷ್ಟು ಹಿಮ ಬಿದ್ದಿತ್ತು, ಆದರೆ ಬೆಳಗಿನ ಆಕಾಶ ತೊಳೆದಿಟ್ಟ ಹಾಗಿತ್ತು. ಕುರಿ ಕಾಯುವವರ ಹಳೇ ದಾರಿ ಹಿಡಿದು ಹತ್ತಿದೆವು. ನಾನು ದಪ್ಪದವಳು, ಇಶ್ಬೆಲ್ ಕಡ್ಡಿಯಂಥವಳು. ನಾನು ಏದುಸಿರು ಬಿಡುತ್ತ ನಿಂತಾಗಲೆಲ್ಲ ಅವಳು ಮೇಲಿನಿಂದ ಕೂಗುತ್ತಿದ್ದಳು.

"ಡೇವಿನಾ, ಬರ್ತೀಯೋ ಅಥವಾ ಅಲ್ಲೇ ಬೇರು ಬಿಡ್ತೀಯೋ?"

"ನಿನ್ನೆ ತಿಂದ ಕೇಕು ಇಳೀಬೇಕಲ್ಲ ಮಾರಾಯ್ತಿ!"

"ನಿನ್ನೆದಾ? ಹೋದ ವರ್ಷದ್ದೆಲ್ಲಾ ಅಲ್ಲೇ ಇದೆಯಲ್ಲೇ!"

ನೆತ್ತಿಯ ಮೇಲೆ ಕಲ್ಲಿನ ರಾಶಿಯೊಂದಿದೆ. ಪ್ರತಿ ವರ್ಷ ನಾವು ಅದರ ಊರ ಕಡೆಗಿನ ಮಗ್ಗುಲಲ್ಲಿ ಕೂತು, ಮನೆಗಳನ್ನು ನೋಡುತ್ತ ತಿನ್ನುತ್ತಿದ್ದೆವು. ಆ ವರ್ಷ ಗಾಳಿ ಆ ಕಡೆಯಿಂದಲೇ ಬೀಸುತ್ತಿತ್ತು. ಹಾಗಾಗಿ ರಾಶಿಯ ಹಿಂಭಾಗಕ್ಕೆ ಹೋಗಿ, ಊರಿಗೆ ಬೆನ್ನು ಹಾಕಿ ಕೂತೆವು. ಒಣದ್ರಾಕ್ಷಿ ತುಂಬಿದ ಕಪ್ಪು ಕೇಕು ತಿಂದು, ಫ್ಲಾಸ್ಕಿನ ಚಹಾ ಮುಗಿಸುವಷ್ಟರಲ್ಲಿ ಮಂಜು ಬಂದು ಕವಿಯಿತು. ಕೈ ಚಾಚಿದರೆ ನನ್ನ ಕೈಗವಸೇ ನನಗೆ ಕಾಣದು.

ಇಂಥ ಹೊತ್ತಿನಲ್ಲಿ ನಮ್ಮ ಕಡೆಯವರು ಮಾಡುವುದು ಒಂದೇ ಕೆಲಸ. ತಂತಿಬೇಲಿ ಹುಡುಕಿ ಅದರ ಪಕ್ಕ ಹಿಡಿದು ಇಳಿಯುವುದು. ನೆತ್ತಿಯಲ್ಲಿ ಮೂರು ಜಮೀನುಗಳ ಬೇಲಿಗಳು ಒಂದೇ ಮೂಲೆಯಲ್ಲಿ ಕೂಡುತ್ತವೆ. ಎಡಗಡೆಯದು ನಮ್ಮ ಊರಿಗೆ ಹೋಗುತ್ತದೆಂದು ಮಕ್ಕಳಿಗೂ ಗೊತ್ತು. ನಾವು ಎದ್ದು, ತಡಕಾಡಿ ಆ ಮೂಲೆ ಹುಡುಕಿ, ಎಡಗಡೆಯದನ್ನೇ ಹಿಡಿದೆವು. ಆದರೆ ಆ ಸಲ ರಾಶಿಯ ಹಿಂಭಾಗದಿಂದ ಬಂದದ್ದರಿಂದ ನಮ್ಮ ಎಡ ಬೇರೆಯೇ ಆಗಿತ್ತು. ಇಬ್ಬರಿಗೂ ಹೊಳೆಯಲಿಲ್ಲ. ಬೇಲಿ ಕೈಗೆ ಸಿಕ್ಕಿತೆಂದರೆ ಮನೆ ಸಿಕ್ಕಿದ ಹಾಗೆಯೇ ಎಂದು ಹುಟ್ಟಿದಾಗಿನಿಂದ ನಂಬಿಕೊಂಡವರು ನಾವು. ಹರಟೆ ಹೊಡೆಯುತ್ತ ಧೈರ್ಯವಾಗಿ ಇಳಿದೇ ಇಳಿದೆವು.

ಬಹಳ ಹೊತ್ತಾದ ಮೇಲೆ ಇಶ್ಬೆಲ್ ನಿಂತಳು. "ಡೇವಿನಾ, ನೀರಿನ ಸದ್ದು ಯಾವ ಕಡೆ ಕೇಳ್ತಿದೆ?"

"ಎಡಕ್ಕೆ."

"ಬಲಕ್ಕಲ್ವೇನೇ ಕೇಳಬೇಕಿತ್ತು?"

ನಾನು ಉತ್ತರ ಕೊಡುವ ಬದಲು ಒಂದು ಹೆಜ್ಜೆ ಮುಂದಿಟ್ಟೆ. ಹಿಮದ ಕೆಳಗೆ ನೆಲವಿರಲಿಲ್ಲ, ಹಳ್ಳವಿತ್ತು. ತೊಡೆಯವರೆಗೆ ನೀರಿಗೆ ಇಳಿದುಹೋದೆ. ಇಶ್ಬೆಲ್ ನನ್ನ ಕೋಟಿನ ಕೊರಳಪಟ್ಟಿ ಹಿಡಿದು ಎಳೆದು ಹಾಕಿದಳು. ಆ ಕಡ್ಡಿ ಕೈಗಳಲ್ಲಿ ಅಷ್ಟು ಬಲ ಎಲ್ಲಿತ್ತೋ. ಬೂಟುಗಳ ತುಂಬ ನೀರು, ಬಟ್ಟೆ ಮೈಗೆ ಅಂಟಿಕೊಂಡೇ ಗಟ್ಟಿಯಾಗತೊಡಗಿತು. ಮತ್ತೆ ಗುಡ್ಡ ಹತ್ತಿ ಊರಿಗೆ ಇಳಿಯುವ ಮಾತೇ ಇರಲಿಲ್ಲ. ಹೊತ್ತು ಇಳಿಯುತ್ತಿತ್ತು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಪಾದಗಳು ನನ್ನವು ಅನ್ನಿಸುವುದೂ ನಿಂತಿತು.

"ನನ್ನ ಬಿಟ್ಟು ಹೋಗು ಕಣೇ, ಯಾರನ್ನಾದ್ರೂ ಕರ್ಕೊಂಡು ಬಾ" ಎಂದೆ.

"ಬಾಯ್ಮುಚ್ಕೊಂಡು ನಡಿ. ನಿನ್ನ ಇಲ್ಲಿ ಬಿಟ್ರೆ ಗಿರಣೀಲಿ ಪಕ್ಕದ ಕುರ್ಚಿಗೆ ಆ ಮುಸುಡಿ ಮಾರ್ಗರೆಟ್ ಬರ್ತಾಳೆ. ನನ್ನ ಗತಿ ಏನು?"

ಹಾಗೆ ಬೈಸಿಕೊಳ್ಳುತ್ತ, ಅವಳ ಹೆಗಲಿಗೆ ಜೋತುಬಿದ್ದು ಇಳಿದೆ. ಮಂಜು ಹರಿದ ಕಡೆ ಒಂದು ಮನೆ ಕಂಡಿತು. ಗುಡ್ಡದ ಆಚೆ ಬದಿಯ ಫಾಲಾ ಕಣಿವೆಯ ಕೊನೆಯ ಮನೆ. ಎಕ್ ಡಾಲ್ಗ್ಲೀಶ್ ಎಂಬ ಮುದುಕ, ಕುರಿ ಕಾಯುವವನು, ಒಬ್ಬನೇ ಇರುತ್ತಾನೆಂದು ಕೇಳಿದ್ದೆವು, ಅಷ್ಟೆ. ನಮ್ಮ ಊರಿಂದ ರಸ್ತೆಯಲ್ಲಿ ಬಂದರೆ ಅದು ಇನ್ನೊಂದು ಲೋಕವೇ. ಮನೆ ನೋಡಿ ನನಗೆ ಅಳು ಬಂತು. ಇಶ್ಬೆಲ್ ಮಾತ್ರ, "ಹೊಗೆ ಯಾಕಿಲ್ಲ?" ಎಂದಳು. ಹೊಸ ವರ್ಷದ ದಿನ ಈ ನಾಡಿನಲ್ಲಿ ಯಾರೂ ಒಲೆ ಆರಲು ಬಿಡುವುದಿಲ್ಲ.

ಮನೆಯ ಸುತ್ತ ಹಿಮದಲ್ಲಿ ಒಂದು ಹೆಜ್ಜೆಯ ಗುರುತೂ ಇರಲಿಲ್ಲ. ಒಳಗೆ ನಾಯಿ ಬೊಗಳುತ್ತಿತ್ತು. ಅಂಗಳದಲ್ಲಿ ಇಶ್ಬೆಲ್ ಗಕ್ಕನೆ ನಿಂತು ನನ್ನನ್ನು ಮುಂದಕ್ಕೆ ತಳ್ಳಿದಳು.

"ನೀನು ಮೊದಲು ಹೋಗು. ಇಲ್ಲಿಗೆ ಇನ್ನೂ ಯಾರೂ ಬಂದಿಲ್ಲ. ನಿಂದು ಕಂದು ಕೂದಲು."

ಸಾಯುತ್ತಿರುವ ನನಗೆ ಅವಳ ಈ ಶಾಸ್ತ್ರ ಕೇಳಿ ಮೈಯೆಲ್ಲ ಉರಿಯಿತು. ಉರಿದದ್ದು ಒಳ್ಳೆಯದೇ ಆಯಿತು, ಬೇರೆ ಶಾಖ ಇರಲಿಲ್ಲ. ಹೋಗಿ ಬಾಗಿಲು ನೂಕಿದೆ. ಒಂದು ಅಂಗೈ ಅಗಲ ತೆರೆದು ಏನಕ್ಕೋ ತಾಗಿ ನಿಂತಿತು. ಒಳಗಿನಿಂದ ದನಿ ಬಂತು.

"ನೂಕಬೇಡಿ! ಬಾಗಿಲ ಹಿಂದೆ ಇರೋದು ನಾನೇ!"

"ಅಯ್ಯೋ ದೇವರೇ! ಏನಾಯ್ತು ಯಜಮಾನ್ರೇ?"

"ಬಿದ್ದೆ. ಸೊಂಟದ ಹತ್ರ ಏನೋ ಮುರೀತು. ಏಳೋಕೆ ಆಗ್ತಿಲ್ಲ."

"ಎಷ್ಟೊತ್ತಿಂದ ಹೀಗೆ ಬಿದ್ದಿದೀರಾ?"

"ಹೋದ ವರ್ಷದಿಂದ" ಎಂದ ಮುದುಕ. ಅಂಥ ಸ್ಥಿತಿಯಲ್ಲೂ ಅವನಿಗೆ ತಮಾಷೆ. ಹಿಂದಿನ ಸಂಜೆ ನಾಯಿಯನ್ನು ಒಳಗೆ ಕರೆಯಲು ಬಂದವನು ಹೆಪ್ಪುಗಟ್ಟಿದ ಹೊಸಿಲಲ್ಲಿ ಜಾರಿ ಒಳಗೇ ಬಿದ್ದಿದ್ದ. ಬಾಗಿಲು ಹೇಗೋ ಮುಚ್ಚಿಕೊಂಡು, ಅವನು ಅದಕ್ಕೆ ಅಡ್ಡವಾಗಿದ್ದ. ನಾಯಿ ರಾತ್ರಿಯಿಡೀ ಅವನ ಎದೆಗೆ ಒತ್ತಿಕೊಂಡು ಮಲಗಿತ್ತಂತೆ. ಮಾತು ನಡುನಡುವೆ ತೊದಲುತ್ತಿತ್ತು, ನಿದ್ದೆ ಹತ್ತಿದವರ ಹಾಗೆ. ಅದು ಒಳ್ಳೆಯ ನಿದ್ದೆಯಲ್ಲ ಎಂದು ನಮಗೆ ಗೊತ್ತಿತ್ತು. ಹಿತ್ತಲ ಬಾಗಿಲೇ ಆ ಮನೆಗಿರಲಿಲ್ಲ. ಕೈಗೆ ಎಟಕುವಂತಿದ್ದದ್ದು ಪಕ್ಕದ ಗೋಡೆಯಲ್ಲಿ ಉಗ್ರಾಣದ ಒಂದು ಪುಟ್ಟ ಕಿಟಕಿ ಮಾತ್ರ. ಅದರಲ್ಲಿ ನನ್ನ ಒಂದು ಕಾಲು ತೂರಬಹುದಿತ್ತೇನೋ.

ಇಶ್ಬೆಲ್ ಕಿಟಕಿ ನೋಡಿದಳು. ನನ್ನನ್ನು ನೋಡಿದಳು. ಅವಳ ಮುಖ ಹಿಮಕ್ಕಿಂತ ಬಿಳಿಚಿಕೊಂಡಿತ್ತು. ಬಾಗಿಲ ಸಂದಿಗೆ ಬಾಯಿಟ್ಟು, "ಯಜಮಾನ್ರೇ, ಒಂದು ಮಾತು ಹೇಳಬೇಕು. ನಂದು ಕೆಂಪು ಕೂದಲು" ಎಂದಳು.

ಆ ಮುದುಕನೂ ನಮ್ಮವನೇ ಅಲ್ಲವೇ? ಅವನೂ ಯೋಚನೆಗೆ ಬಿದ್ದ.

"ಎಷ್ಟು ಕೆಂಪು?"

"ಈಗ ಅರ್ಧ ನೆರೆತಿದೆ. ಆದ್ರೂ ಕೆಂಪೇ."

"ಇನ್ನೊಬ್ಬಾಕೆ?"

"ಅವಳದ್ದು ಕಂದು. ಆದ್ರೆ ಅವಳು ಕಿಟಕೀಲಿ ತೂರಲ್ಲ. ಅವಳು ತೂರಬೇಕಂದ್ರೆ ಗೋಡೆ ಒಡೀಬೇಕು."

"ಹಾಗಾದ್ರೆ ಕೆಂಪೇ ಬರಲಿ ತಾಯೀ. ಇನ್ನು ಇದಕ್ಕಿಂತ ಕೆಟ್ಟದ್ದು ನನಗೇನಾಗಬೇಕು?"

"ಆಗುತ್ತೆ!" ಇಶ್ಬೆಲ್ ಕಿರುಚಿದಳು. "ನಮ್ಮ ಭಾವನಿಗೆ ಆಯ್ತು. ನಾನು ಕಾಲಿಟ್ಟೆ, ಅವನು ಸತ್ತ. ಇಪ್ಪತ್ತಾರು ವಯಸ್ಸು ಅವನಿಗೆ. ನನ್ನ ಕಾಲು ಒಳ್ಳೇದಲ್ಲ."

ಮೂವತ್ತು ವರ್ಷದಲ್ಲಿ ಅವಳು ಆ ಮಾತನ್ನು ಬಾಯಿಬಿಟ್ಟು ಆಡಿದ್ದು ಅದೇ ಮೊದಲು. ಪಕ್ಕದಲ್ಲೇ ಕೂತು ಅಷ್ಟು ವರ್ಷ ಹೊಲಿದ ನನಗೂ ಹೇಳದ್ದನ್ನು, ಮುಖವನ್ನೂ ಕಾಣದ ಒಬ್ಬ ಮುದುಕನಿಗೆ ಬಾಗಿಲ ಸಂದಿಯಲ್ಲಿ ಹೇಳುತ್ತಿದ್ದಳು. ನನಗೆ ಅವಳನ್ನು ಹಿಡಿದು ಅಲ್ಲಾಡಿಸಬೇಕು ಅನ್ನಿಸಿತು, ಅಪ್ಪಿಕೊಳ್ಳಬೇಕೂ ಅನ್ನಿಸಿತು. ನಿಲ್ಲುವುದಕ್ಕೇ ಆಗದೆ ಮೆಟ್ಟಿಲ ಮೇಲೆ ಕುಸಿದೆ.

ಒಳಗಿನಿಂದ ಎಕ್ ನಿಧಾನವಾಗಿ ಹೇಳಿದ. "ನೋಡಮ್ಮಾ. ನೀನು ಬಂದ್ರೆ ಈ ವರ್ಷದಲ್ಲಿ ಯಾವತ್ತೋ ಸಾಯ್ತೀನಿ. ಬರದಿದ್ರೆ ಇವತ್ತೇ ಸಾಯ್ತೀನಿ. ನನಗೆ ಎಣಿಸೋಕೆ ಬರುತ್ತೆ. ಬಾ."

ಇಶ್ಬೆಲ್ ತನ್ನ ಕೋಟು ಬಿಚ್ಚಿ ನನ್ನ ಕಾಲುಗಳಿಗೆ ಸುತ್ತಿದಳು. ಕಲ್ಲೊಂದನ್ನು ಎತ್ತಿ ಕಿಟಕಿಯ ಗಾಜು ಒಡೆದು, ಟೋಪಿಯಿಂದ ಚೂರುಗಳನ್ನು ಸವರಿ, ತಲೆ ಮೊದಲು ಮಾಡಿ ತೂರಿದಳು. ಅವಳ ಬೂಟುಗಳು ಒಂದು ಕ್ಷಣ ಗಾಳಿಯಲ್ಲಿ ಒದ್ದಾಡಿ ಮಾಯವಾದವು. ಒಳಗೆ ಪಾತ್ರೆಗಳು ಉರುಳಿದ ಸದ್ದು ಬಂತು. ಅದರ ಹಿಂದೆಯೇ ಮುದುಕನ ದನಿ, "ಗಂಜಿ ಇತ್ತಲ್ಲಮ್ಮಾ ಅದರಲ್ಲಿ!"

ಆಮೇಲಿನದೆಲ್ಲ ಅವಳು ಮಾಡಿದ್ದು. ಕಂಬಳಿಯನ್ನು ಅವನ ಕೆಳಗೆ ತೂರಿಸಿ, ಅವನನ್ನು ಅಂಗುಲ ಅಂಗುಲವಾಗಿ ಎಳೆದು ಬಾಗಿಲು ಬಿಡಿಸಿದಳು. ಅವನು ಅವಳಿಗೆ ಆಡಬಾರದ ಮಾತೆಲ್ಲ ಆಡಿದ, ಅವಳೂ ಬಿಡಲಿಲ್ಲ, ತಿರುಗಿಸಿ ಆಡಿದಳು. ನನ್ನನ್ನು ಒಳಗೆ ಎಳೆದುಕೊಂಡು ಒದ್ದೆ ಬಟ್ಟೆ ಕಳಚಿ ಅವನ ಹಳೇ ಉಣ್ಣೆ ಚಡ್ಡಿ ತೊಡಿಸಿದಳು. ವೈದ್ಯರಿಗೆ ಫೋನು ಮಾಡಿದಳು. ಒಲೆ ಹೊತ್ತಿಸಿದಳು. ಹಿಮ ಸರಿಸಿಕೊಂಡು ಗಾಡಿ ಬರುವವರೆಗೆ, ಅವನ ಬೆನ್ನಿಗೆ ತನ್ನ ಬೆನ್ನು ಕೊಟ್ಟು ನೆಲದ ಮೇಲೆಯೇ ಕೂತಳು.

ಮೈ ಬಿಸಿಯಾಗುತ್ತಿದ್ದ ಹಾಗೆ ಎಕ್ ಡಾಲ್ಗ್ಲೀಶನಿಗೆ ಮರ್ಯಾದೆ ನೆನಪಾಯಿತು. "ಕಪಾಟಲ್ಲಿ ಸೀಸೆ ಇದೆ. ಸುರಿದುಕೋ. ಮೊದಲು ಕಾಲಿಟ್ಟವರನ್ನ ಒಣ ಗಂಟಲಲ್ಲಿ ಕಳಿಸಿದ ಮನೆ ಅಲ್ಲ ಇದು."

"ನಾನು ಬರಿಗೈಲಿ ಬಂದೆನಲ್ಲ" ಎಂದಳು ಇಶ್ಬೆಲ್.

ಅವನು ಮಲಗಿದ್ದಲ್ಲಿಂದಲೇ ಕತ್ತು ಹೊರಳಿಸಿ ಅವಳನ್ನು ನೋಡಿದ. "ಬರಿಗೈಯಾ? ನಾಲ್ಕು ವರ್ಷ ಆಯ್ತು ಈ ಮನೆಗೆ ಹೊಸ ವರ್ಷದ ದಿನ ಯಾರೂ ಬಂದಿಲ್ಲ ಕಣಮ್ಮಾ. ನೀನು ಬಂದ್ಯಲ್ಲ."

ಇಶ್ಬೆಲ್ ಸೀಸೆ ಹಿಡಿದುಕೊಂಡು ನಿಂತವಳು ನಿಂತ ಹಾಗೆಯೇ ಅತ್ತಳು. ನಾನೂ ಅತ್ತೆ. ಮುದುಕ ಮಾತ್ರ, "ಅಳೋದಾದ್ರೆ ಸೀಸೆ ಕೆಳಗಿಟ್ಟು ಅಳು, ಚೆಲ್ಲೀಯ" ಎಂದ.

ಇನ್ನೊಂದು ರಾತ್ರಿ ಅವನು ದಾಟುತ್ತಿರಲಿಲ್ಲ ಎಂದು ವೈದ್ಯರು ಹೇಳಿದರು. ನನ್ನ ಪಾದಗಳ ಬಗ್ಗೆಯೂ ಏನೋ ಹೇಳಿದರು, ಕೇಳಿಸಿಕೊಳ್ಳುವ ಧೈರ್ಯ ನನಗಿರಲಿಲ್ಲ. ಪಾದಗಳು ಉಳಿದವು. ಎಡಗಾಲಿನ ಕಿರುಬೆರಳು ಚಳಿಗಾಲದಲ್ಲಿ ಈಗಲೂ ಜುಂ ಎನ್ನುತ್ತದೆ. ಆಗೆಲ್ಲ ಆ ಮಂಜಿಗೆ, ಗಾಳಿಗೆ, ತಪ್ಪಿ ಹಿಡಿದ ಆ ಬೇಲಿಗೆ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ. ಸರಿಯಾದ ದಾರಿಯಲ್ಲಿ ಇಳಿದಿದ್ದರೆ ನಾನು ಒಣ ಕಾಲಿನಲ್ಲಿ ಮನೆ ಸೇರುತ್ತಿದ್ದೆ, ಮುದುಕ ಅಲ್ಲೇ ಸಾಯುತ್ತಿದ್ದ, ಇಶ್ಬೆಲ್ ಕೊಡೆ ಹಿಡಿದು ಗೇಟಿನ ಬಳಿಯೇ ಮುದುಕಿಯಾಗುತ್ತಿದ್ದಳು.

ಎಕ್ ಆಸ್ಪತ್ರೆಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಕೆಂಪು ಕೂದಲಿನ ಹೆಂಗಸಿನ ಕಥೆ ಹೇಳಿದ. ಕಥೆ ನಮ್ಮ ಊರಿಗೂ ಬಂತು, ನ್ಯಾನಳ ಕಿವಿಗೂ ಬಿತ್ತು. ಬಾಗಿಲ ಸಂದಿಯಲ್ಲಿ ಇಶ್ಬೆಲ್ ಆಡಿದ ಮಾತಿನ ಸಮೇತ ಬಿತ್ತು. ಆದರೂ ಇಶ್ಬೆಲ್ ಎಂದಿನಂತೆ ಗೇಟಿನ ಬಳಿ ನಿಂತಳು, ನ್ಯಾನ್ ಎಂದಿನಂತೆ ಬಾಗಿಲಲ್ಲಿ. ಎಕ್ ಮುದುಕ ಕೋಲೂರಿಕೊಂಡು ಓಡಾಡುವಂತಾದ, ಬೇಸಿಗೆ ಕಳೆಯಿತು, ವರ್ಷವೂ ಮುಗಿಯಿತು. ಅವನು ಸಾಯಲಿಲ್ಲ. ಈ ಅಕ್ಕತಂಗಿಯರ ಕಲ್ಲುಮನಸ್ಸಿಗೆ ನಾನು ಶಾಪ ಹಾಕುತ್ತ ಕೂತೆ.

ಮತ್ತೆ ಜನವರಿ ಒಂದು. ಬೆಳಿಗ್ಗೆ ಬೂಟು ಬಿಗಿದುಕೊಂಡು ಇಶ್ಬೆಲಳ ಜೊತೆ ಹೊರಟೆ. ಸೇತುವೆಯ ಬಳಿ ಬಂದಾಗ ನ್ಯಾನಳ ಗೇಟಿಗೆ ಒರಗಿ ಹ್ಯೂಯಿ ನಿಂತಿದ್ದ. ಮುಖ ಊದಿತ್ತು, ಕೈಯಲ್ಲಿ ಇನ್ನೂ ಕಲ್ಲಿದ್ದಲಿನ ತುಂಡು.

"ನಿಮ್ಮಕ್ಕನಿಗೆ ತಲೆ ಕೆಟ್ಟಿದೆ" ಎಂದ ಇಶ್ಬೆಲಳಿಗೆ. "ರಾತ್ರಿಯಿಂದ ಮೂರು ಸಲ ಬಂದೆ. ಒಳಗೆ ಬಿಡ್ತಿಲ್ಲ. ಯಾರನ್ನೂ ಬಿಟ್ಟಿಲ್ಲ."

ಅಷ್ಟರಲ್ಲಿ ಬಾಗಿಲು ತೆರೆಯಿತು. ನ್ಯಾನ್ ರಾತ್ರಿಯ ಬಟ್ಟೆಯಲ್ಲೇ ಇದ್ದಳು, ನಿದ್ದೆ ಮಾಡಿದ ಹಾಗೆ ಕಾಣಲಿಲ್ಲ. "ನೀನು ಮನೆಗೆ ಹೋಗೋ ಹ್ಯೂಯಿ" ಎಂದಳು. ಆಮೇಲೆ ತಂಗಿಯತ್ತ ತಿರುಗಿ, "ಬಾರೇ" ಎಂದಳು.

ಇಶ್ಬೆಲ್ ಗೇಟು ಹಿಡಿದುಕೊಂಡಳು. "ಬೇಡಕ್ಕಾ."

"ನಾನು ಅವತ್ತು ಅಲ್ಲ ಅಂತ ಹೇಳಬೇಕಿತ್ತು. ಹೇಳಲಿಲ್ಲ. ಯಾರ ಮೇಲಾದ್ರೂ ಹಾಕದಿದ್ರೆ ನನಗೆ ಉಸಿರಾಡೋಕೆ ಆಗ್ತಿರಲಿಲ್ಲ ಕಣೇ. ನೀನು ಹತ್ತಿರ ಇದ್ದೆ, ನಿನ್ನ ಮೇಲೆ ಹಾಕ್ದೆ. ಆಮೇಲೆ ತೆಗೆಯೋದು ಹೇಗೆ ಅಂತ ಗೊತ್ತಾಗಲಿಲ್ಲ." ನ್ಯಾನ್ ಬಾಗಿಲನ್ನು ಪೂರ್ತಿ ತೆರೆದಳು. "ಯಾರೋ ಮುದುಕನ ಮನೆಗೆ ಕಿಟಕಿ ಒಡೆದು ಹೋದೆ. ನನ್ನ ಮನೆಗೆ ಬಾಗಿಲು ತೆಗೆದರೂ ಬರಲ್ವಾ?"

ಇಶ್ಬೆಲ್ ಗೇಟು ದಾಟಿದಳು. ಅಂಗಳದ ಹಿಮದಲ್ಲಿ ನಡೆದು ಮೆಟ್ಟಿಲ ಬಳಿ ಒಮ್ಮೆ ನಿಂತಳು. ನ್ಯಾನ್ ಕೈ ಚಾಚಲಿಲ್ಲ, ಬಾಗಿಲಿನಿಂದ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು, ಅಷ್ಟೆ. ಇಶ್ಬೆಲ್ ಬಲಗಾಲು ಎತ್ತಿ ಒಳಗಿಟ್ಟಳು.

ನನ್ನ ಪಕ್ಕದಲ್ಲಿ ಹ್ಯೂಯಿ ಟೋಪಿ ತೆಗೆದು ನಿಂತಿದ್ದ. ಆ ವರ್ಷ ನಾವು ಗುಡ್ಡಕ್ಕೆ ಹೋಗಲಿಲ್ಲ.